ಅಳಿಲು ಒಯ್ದ ಬತ್ತಿ

ಅಳಿಲು ಮುದ್ದು ಪ್ರಾಣಿ ಅನ್ನುವವರನ್ನು ತಂದು ನಮ್ಮ ಅಂಗಡಿಯಲ್ಲಿ ಒಂದು ವಾರ ಕೂರಿಸಬೇಕು. ಶಿವಮೊಗ್ಗದ ಮಗ್ಗುಲಿನ ಮಲವಗೊಪ್ಪದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ಸು, ಇಷ್ಟೇ ನನ್ನ ಕೆಲಸ. ಈ ಅಂಗಡಿಯಲ್ಲಿ ಅಳಿಲು ಕಡಿಯದ ವಸ್ತು ಇಲ್ಲ. ದಾರದ ಉಂಡೆ ಕಡಿಯುತ್ತದೆ, ಗಿರಾಕಿಗಳು ಕೂರುವ ಕುರ್ಚಿಯ ಸ್ಪಂಜು ಎಳೆಯುತ್ತದೆ, ಟೇಪಿನ ತುದಿಯನ್ನೂ ಬಿಡುವುದಿಲ್ಲ. ಹಲ್ಲು ಬೆಳೆಯುತ್ತಲೇ ಇರುತ್ತದಂತೆ, ಏನಾದರೊಂದು ಕಡಿಯುತ್ತಿರಲೇಬೇಕಂತೆ. ಬೆಳೆದರೆ ಬೆಳೆಯಲಿ, ಅದಕ್ಕೆ ನನ್ನ ಟೇಪೇ ಆಗಬೇಕೆ?

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸಾಲು ಮನೆ, ಮನೆಗೊಂದು ಹಿತ್ತಲು, ಹಿತ್ತಲಿಗೊಂದು ನುಗ್ಗೆಯೋ ಸೀಬೆಯೋ. ಅಲ್ಲಿ ಅಳಿಲನ್ನು ಪಕ್ಕದ ಮನೆಯ ತಮಿಳಿನವರು ಅಣಿಲ್ ಅನ್ನುತ್ತಿದ್ದರು, ಎದುರು ಮನೆಯ ತೆಲುಗಿನವರು ಉಡುತ ಅನ್ನುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದರೆ ನಮ್ಮ ಅತ್ತೆ, ಎಂದರೆ ನಮ್ಮ ಮನೆಯವರ ತಾಯಿ, ಅದನ್ನು ಇಣಚಿ ಅಂದರು. ಅವರದು ಹೊನ್ನಾಳಿ ಕಡೆಯ ತವರು. ಹೆಸರು ಏನಿದ್ದರೂ ಬುದ್ಧಿ ಒಂದೇ. ಈಗ ಆ ಕ್ವಾರ್ಟರ್ಸಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ, ಜನ ಹೋದರು, ಅಳಿಲುಗಳು ಮಾತ್ರ ಅಲ್ಲೇ ಇವೆ. ಅವಕ್ಕೆ ಕಾಡೇ ಬೇಕೆಂದಿಲ್ಲ. ಒಂದು ಮರ, ಒಂದು ಗೋಡೆ, ಮರದಿಂದ ಗೋಡೆಗೆ ಒಂದು ಕೇಬಲ್ ವೈರು ಇದ್ದರೆ ಸಾಕು, ಸಂಸಾರ ಹೂಡುತ್ತವೆ.

ನೋಡಲು ಚೆನ್ನಾಗಿದೆ, ಅದನ್ನು ಇಲ್ಲ ಅನ್ನಲಾಗುವುದಿಲ್ಲ. ಮೈ ಒಂದು ಗೇಣಿಗೆ ಸ್ವಲ್ಪ ಕಮ್ಮಿ, ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಬೂದುಗಂದು ಬೆನ್ನಿನ ಮೇಲೆ ಮೂರು ತಿಳಿ ಪಟ್ಟೆ. ನಡುವಿನದು ಕತ್ತಿನಿಂದ ಬಾಲದ ಬುಡದ ತನಕ ಹೋಗುತ್ತದೆ, ಅಕ್ಕಪಕ್ಕದವು ಮುಂಗಾಲಿನಿಂದ ಹಿಂಗಾಲಿಗೆ ನಿಲ್ಲುತ್ತವೆ. ಬ್ಲೌಸಿನ ಅಂಚಿಗೆ ಸುಕ್ಕಿಲ್ಲದೆ ಕೂತ ಪೈಪಿಂಗ್ ಹಾಗೆ. ಆ ಪಟ್ಟೆ ಹೇಗೆ ಬಂತು ಅನ್ನುವ ಕತೆ ಎಲ್ಲರಿಗೂ ಗೊತ್ತು, ನಾನು ಮತ್ತೆ ಹೇಳುವುದಿಲ್ಲ. ಹೊಟ್ಟೆ ಕೆನೆಬಿಳಿ. ಮರ ಇಳಿಯುವಾಗ ತಲೆ ಕೆಳಗೆ ಮಾಡಿಕೊಂಡೇ ಇಳಿಯುತ್ತದೆ, ಹಿಂಗಾಲಿನ ಪಾದವನ್ನು ಹಿಂದಕ್ಕೆ ತಿರುಗಿಸಿ ಉಗುರಿನಲ್ಲಿ ತೊಗಟೆ ಹಿಡಿದುಕೊಳ್ಳುತ್ತದೆ. ತಿನ್ನುವಾಗ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದುಕೊಂಡೇ ತಿನ್ನಬೇಕು. ನಮ್ಮ ಹಿತ್ತಲಿನ ಸೀಬೆಕಾಯಿಯಲ್ಲಿ ಅರ್ಧ ಅದಕ್ಕೇ ಮೀಸಲು. ಒಂದನ್ನೂ ಪೂರ್ತಿ ತಿನ್ನುವುದಿಲ್ಲ, ಎಲ್ಲವನ್ನೂ ಒಂದೊಂದು ಕಡೆ ಕಚ್ಚಿ ಇಡುತ್ತದೆ. ದಾಸವಾಳದ ಮೊಗ್ಗು ತಿನ್ನುತ್ತದೆ, ಮಳೆ ಬಂದ ಮಾರನೆಯ ದಿನ ರೆಕ್ಕೆ ಬಿದ್ದ ಗೆದ್ದಲನ್ನು ಹೆಕ್ಕಿ ತಿನ್ನುತ್ತದೆ, ಅಂಗಳದ ರಂಗೋಲಿಯ ಅಕ್ಕಿಹಿಟ್ಟನ್ನೂ ನೆಕ್ಕುತ್ತದೆ. ಬೆಳಕು ಹರಿದಾಗ ಏಳುತ್ತದೆ, ದೀಪ ಹಚ್ಚುವ ಹೊತ್ತಿಗೆ ಗೂಡು ಸೇರುತ್ತದೆ. ಆಮೇಲೆ ಅದರ ಸದ್ದೇ ಇಲ್ಲ. ಅದೊಂದು ಮರ್ಯಾದೆ ಅದಕ್ಕೆ.

ಅತ್ತೆಗೂ ಈ ಅಳಿಲಿಗೂ ನಡುವೆ ನಡೆದದ್ದನ್ನು ಹೇಳಬೇಕಾದರೆ ಅತ್ತೆಯ ಕೈಯ ವಿಷಯ ಮೊದಲು ಹೇಳಬೇಕು. ಒಂದು ಮಳೆಗಾಲದ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಪಾರ್ಶ್ವವಾಯು. ಶಿವಮೊಗ್ಗದ ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಮಾತು ಉಳಿಯಿತು, ಕಾಲು ನಿಧಾನಕ್ಕೆ ಬಂತು. ಬಲಗೈ ಮಾತ್ರ ಬರಲಿಲ್ಲ. ನಮ್ಮ ಅತ್ತೆ ಕೆಲಸದ ಹೆಂಗಸು. ಅವರ ರೊಟ್ಟಿ ತಿಂದವರು ಇನ್ನೊಂದು ಕೇಳದೆ ಎದ್ದದ್ದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಆ ಕೈಯನ್ನು ಎಡಗೈಯಲ್ಲಿ ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡು, ಗೋಡೆ ಕಡೆ ಮುಖ ಮಾಡಿ, "ಈ ಕೈಲಿ ಇನ್ನೇನೂ ಆಗಲ್ಲ ಕಣೇ" ಅಂದರು. ನಾನು ಬೈದೆ. ಬೈಯದಿದ್ದರೆ ಅತ್ತುಬಿಡುತ್ತಿದ್ದೆ.

ವ್ಯಾಯಾಮ ಮಾಡಿಸುವ ಹುಡುಗಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ಅತ್ತೆ ಅದನ್ನು ಮುಟ್ಟಲಿಲ್ಲ. "ಚೆಂಡಾಡೋ ವಯಸ್ಸೇನೇ ನಂದು?" ಅಂದರು. ಮನೆಗೆ ಬಂದ ಮೇಲೆ ಒಂದು ಸೋಮವಾರ ಶಿವನ ಫೋಟೋದ ಮುಂದೆ ಕೂತು ಹರಕೆ ಹೊತ್ತುಕೊಂಡರು. ಈ ಕೈ ಬಂದರೆ ಇದೇ ಕೈಯಲ್ಲಿ ಲಕ್ಷ ಬತ್ತಿ ಹೊಸೆದು ಶಿವರಾತ್ರಿಗೆ ಗುಡಿಯಲ್ಲಿ ಹಚ್ಚುತ್ತೇನೆ ಎಂದು. ಕೈ ಬರಲಿ ಆಮೇಲೆ ಹೊಸೆಯೋಣ ಅನ್ನುವ ತಾಳ್ಮೆ ಅವರಿಗೆಲ್ಲಿ? ಮಾರನೆಯ ದಿನವೇ ಅರಳೆ ತರಲು ನನ್ನನ್ನು ಗಾಂಧಿ ಬಜಾರಿಗೆ ಅಟ್ಟಿದರು. ಲಕ್ಷ ಬತ್ತಿಯನ್ನು ಓಣಿಯ ಹೆಂಗಸರೆಲ್ಲ ಸೇರಿ ಹೊಸೆದುಕೊಡುವ ವಾಡಿಕೆ ಉಂಟು. ಅತ್ತೆ ಅದಕ್ಕೂ ಒಪ್ಪಲಿಲ್ಲ. ಅವರ ಕೈಯೇ ಆಗಬೇಕು.

ಮೊದಲ ವರ್ಷದ ಬತ್ತಿಗಳನ್ನು ನೀವು ನೋಡಬೇಕಿತ್ತು. ಬೆರಳು ಬೆರಳಿಗೆ ಕೂಡುತ್ತಿರಲಿಲ್ಲ, ಹುರಿ ಬೀಳುತ್ತಿರಲಿಲ್ಲ. ನೆನೆದ ಶಾವಿಗೆಯ ಹಾಗೆ ಜೋಲು ಬತ್ತಿ, ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ದಿನವೆಲ್ಲ ಕೂತರೂ ಒಂದು ಹಿಡಿ ಆದರೆ ಹೆಚ್ಚು. ಎರಡನೆಯ ವರ್ಷ ಬೆರಳು ಕೂಡತೊಡಗಿತು. ಆಮೇಲೆ ಬೆರಳಿಗೆ ವಿಭೂತಿ ಸವರಿಕೊಂಡು ಹೊಸೆಯುವಷ್ಟಾಯಿತು. ವಿಭೂತಿ ಸವರಿದರೆ ಅರಳೆ ಜಾರುವುದಿಲ್ಲ, ಬತ್ತಿ ಬಿಗಿಯಾಗಿ ಬರುತ್ತದೆ. ಸಣ್ಣ, ನೇರ, ಬೂದುಬಣ್ಣದ ಬತ್ತಿಗಳು ಮೊರದ ತುಂಬ ಬೀಳತೊಡಗಿದವು. ಉಳಿದ ಲೈನಿಂಗ್ ಬಟ್ಟೆಯಲ್ಲಿ ನಾನು ಲಾಡಿ ಹಾಕಿ ಚೀಲ ಹೊಲಿದುಕೊಟ್ಟೆ. ಹಸಿರು, ಗುಲಾಬಿ, ಹಳದಿ ಚೀಲಗಳು ಹಿಂದಿನ ಪಡಸಾಲೆಯ ಗೋಡೆಯ ಮೇಲೆ ಮೊಳೆಗೊಂದರಂತೆ ನೇತಾಡುತ್ತಿದ್ದವು. ಬರುವ ಶಿವರಾತ್ರಿಗೆ ಲಕ್ಷ ತುಂಬುತ್ತದೆ ಎಂದು ಅತ್ತೆಯ ಲೆಕ್ಕ. ಲೆಕ್ಕ ಅವರ ಮನಸ್ಸಿನಲ್ಲೇ ಇತ್ತು, ನಾವು ಕೇಳಿದರೆ ಹೇಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಅಂಗಡಿಯ ಬಾಗಿಲಿಗೆ ಬಂದು ನಿಂತರು.

"ಅಂಗಡಿ ದೀಪಕ್ಕೆ ನನ್ ಬತ್ತಿ ತಗೊಂಡ್ಯೇನೇ?"

"ನಾನ್ಯಾಕೆ ತಗೊಳ್ಳಲಿ ಅತ್ತೆ? ನನ್ ಬತ್ತಿ ಪ್ಯಾಕೆಟ್ ಇಲ್ಲೇ ಇದೆ."

"ಚೀಲ ಹಗುರ ಆಗಿದೆ."

"ಆದ್ರೆ? ನಾನು ಕದ್ದೆ ಅಂತೀರಾ?"

"ನಾನೆಲ್ಲಿ ಹಾಗಂದೆ? ಕೇಳ್ದೆ ಅಷ್ಟೆ ಮಾರಾಯ್ತಿ."

ಕೇಳಿದ ರೀತಿಯಲ್ಲೇ ಗೊತ್ತಾಗುತ್ತದಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಅವರಿಗೆ ತಲೆ ಬಾಚಿ, ಅನ್ನ ಕಲಸಿ ಕೊಟ್ಟವಳು ನಾನು, ಬತ್ತಿ ಕದಿಯುತ್ತೇನೆಯೇ? ಮಧ್ಯಾಹ್ನದ ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ. ಪಾತ್ರೆಗಳು ಮಾತ್ರ ಸ್ವಲ್ಪ ಜೋರಾಗಿ ಮಾತಾಡಿದವು.

ಊಟವಾದ ಮೇಲೆ ಮಿಷನ್ನಿನ ಮುಂದೆ ಕೂತೆ. ಅಲ್ಲಿಂದ ನಡುಮನೆ ದಾಟಿ ಹಿತ್ತಲ ಬಾಗಿಲು ಕಾಣುತ್ತದೆ. ಪಡಸಾಲೆಯ ಗೋಡೆಯ ಮೇಲೆ ಏನೋ ಸರಿದ ಹಾಗಾಯಿತು. ನೋಡಿದರೆ ಅಳಿಲು. ಗುಲಾಬಿ ಚೀಲಕ್ಕೆ ಜೋತುಬಿದ್ದು, ಮೂಲೆಯಲ್ಲಿ ಕಡಿದ ತೂತಿಗೆ ಮೂತಿ ತೂರಿಸಿ, ಒಂದನ್ನು ಎಳೆಯಿತು, ಬಿಟ್ಟಿತು. ಇನ್ನೊಂದು ಎಳೆಯಿತು, ಬಿಟ್ಟಿತು. ಸೀರೆ ಅಂಗಡಿಗೆ ಬಂದ ಹೆಂಗಸರೂ ಇಷ್ಟು ಆರಿಸುವುದಿಲ್ಲ. ಕೊನೆಗೆ ಎರಡು ಮೂರು ಬತ್ತಿ ಬಾಯಿಗೆ ಅಡ್ಡಲಾಗಿ ಕಚ್ಚಿಕೊಂಡು ಹೊರಟಿತು. ಎರಡೂ ಕಡೆ ಇಳಿಬಿದ್ದ ಬಿಳಿ ಮೀಸೆ. ಸೀಬೆ ಕೊಂಬೆ, ಕಾಂಪೌಂಡು, ಕೇಬಲ್ ವೈರು, ಅಲ್ಲಿಂದ ಮನೆಯ ಮುಂದಕ್ಕೆ.

"ಅತ್ತೇ, ಬನ್ನಿ ಇಲ್ಲಿ! ನಿಮ್ ಕಳ್ಳಿ ನೋಡ್ಬನ್ನಿ!" ಎಂದು ಕೂಗಿದೆ. ಅತ್ತೆ ಬಂದು ನೋಡಿದರು. ನನ್ನ ಮೇಲಿನ ಅನುಮಾನ ಹೋಯಿತಲ್ಲ, ಈಗ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಮುಖ ಸಪ್ಪಗಾಯಿತು.

"ದೇವ್ರಿಗೆ ಬೇಡ ಆಗಿರ್ಬೇಕು ಕಣೇ," ಅಂದು ಒಳಗೆ ಹೋದರು. ಅಳಿಲು ಕದ್ದರೆ ದೇವರೇನು ಮಾಡಿದ ಎಂದು ನನಗೆ ಅರ್ಥವಾಗಲಿಲ್ಲ. ಚೀಲಗಳನ್ನೆಲ್ಲ ಇಳಿಸಿ ಅಕ್ಕಿಯ ಸ್ಟೀಲ್ ಡಬ್ಬದಲ್ಲಿ ತುಂಬಿ ಮುಚ್ಚಳ ಹಾಕಿದೆ. ಒಂದೂ ಬಿಡದೆ ಎಲ್ಲ ಚೀಲಕ್ಕೂ ತೂತು ಬಿದ್ದಿತ್ತು.

ನಮ್ಮ ಮನೆಯವರಿಗೆ ಭದ್ರಾವತಿಯಲ್ಲಿ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೆಲಸ, ಭಾನುವಾರ ಮಾತ್ರ ರಜೆ. ಆ ಭಾನುವಾರ ಅಂಗಡಿಯ ಹಳೆ ಬೋರ್ಡು ಬಿಚ್ಚಿ ಹೊಸದು ಹಾಕುವುದಿತ್ತು. ಹಳೆಯದು ಬಿಸಿಲಿಗೆ ಬಣ್ಣ ಹೋಗಿ, ಬ್ಲೌಸ್ ಹಾಕಿದ ಹೆಂಗಸಿನ ಚಿತ್ರದಲ್ಲಿ ಮುಖವೇ ಉಳಿದಿರಲಿಲ್ಲ. ಹೊಸ ಬೋರ್ಡು ಬಂದು ಗೋಡೆಗೆ ಒರಗಿ ನಿಂತಿತ್ತು. ಅವರು ಸ್ಟೂಲು ಹತ್ತಿ ಒಂದು ಸ್ಕ್ರೂ ತೆಗೆದರೋ ಇಲ್ಲವೋ, ಕೇಬಲ್ ವೈರಿನ ಮೇಲೆ ಅಳಿಲು ಬಾಲ ಕುಣಿಸುತ್ತ ಚಿಕ್ ಚಿಕ್ ಚಿಕ್ ಎಂದು ಬಡಿದುಕೊಳ್ಳತೊಡಗಿತು. ಬೆಕ್ಕು ಬಂದರೆ, ಕಾಗೆ ಬಂದರೆ, ಕೇರೆ ಹಾವು ಹರಿದರೆ ಅದು ಹಾಗೆ ಕೂಗುವುದು. ಒಂದೇ ಅಳತೆಯ ಕೂಗು, ಕೂಗಿಗೊಂದು ಸಲ ಬಾಲ ಎಗರುತ್ತದೆ, ಅಪಾಯ ಹೋಗುವ ತನಕ ನಿಲ್ಲಿಸುವುದಿಲ್ಲ.

ಅವರು ಬೋರ್ಡಿನ ಹಿಂದೆ ಇಣುಕಿದರು. "ಅಮ್ಮಾ, ನಿನ್ ಬತ್ತಿ ಎಲ್ಲ ಇಲ್ಲಿದಾವೆ! ಇಷ್ಟು ದಪ್ಪ ಗೂಡು. ಕೈ ಹಾಕಿ ತೆಗೀಲಾ?"

ನಾನು, "ತೆಗೀರಿ, ತೆಗೀರಿ" ಅಂದೆ. ಅತ್ತೆ ಕೋಲು ಊರಿಕೊಂಡು ಅಂಗಳಕ್ಕೆ ಬಂದರು.

"ಮರಿ ಇದಾವೇನೋ?"

"ತಡಿ... ಹೂಂ, ಇದಾವೆ. ಎರಡೋ ಮೂರೋ. ಕಣ್ಣೂ ಬಿಟ್ಟಿಲ್ಲ."

"ಹಾಗಾದ್ರೆ ಕೆಳಗಿಳಿ."

"ಅಮ್ಮಾ, ಶಿವರಾತ್ರಿ ಹತ್ರ ಬಂತು, ನಿನ್ ಲೆಕ್ಕ..."

"ಇಳಿಯೋ ಅಂದ್ನಲ್ಲ!"

ನಾನೂ ಸ್ಟೂಲು ಹತ್ತಿ ನೋಡಿದೆ. ತೆಂಗಿನ ನಾರು, ಒಣಹುಲ್ಲು ಸೇರಿಸಿ ಕಟ್ಟಿದ ಉಂಡೆ, ಒಳಗೆ ಬತ್ತಿಯ ಹಾಸಿಗೆ. ಅದರಲ್ಲಿ ಹೆಬ್ಬೆರಳಿನಷ್ಟು ಉದ್ದದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮೈಮೇಲೆ ಕೂದಲಿಲ್ಲ, ಆದರೆ ಚರ್ಮದ ಮೇಲೆ ಆಗಲೇ ಮೂರು ಪಟ್ಟೆ ಮಂಕಾಗಿ ಮೂಡಿತ್ತು. ಸದ್ದಾಗದಂತೆ ಕೆಳಗಿಳಿದೆ. ಸ್ಕ್ರೂ ಮತ್ತೆ ಹಾಕಿದೆವು. ಹೆದರಿಸಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ ಎಂದು ಅತ್ತೆಗೆ ಚಿಂತೆ. ಆ ದಿನ ಅಂಗಡಿಯನ್ನೇ ತೆಗೆಯಲು ಬಿಡಲಿಲ್ಲ. ಮನೆಯವರು, "ಬೇಕಿದ್ರೆ ತಾಯಿ ಮರಿ ಎಲ್ಲಾನೂ ತ್ಯಾವರೆಕೊಪ್ಪದ ಸಫಾರಿಗೆ ಬಿಟ್ಟು ಬರ್ತೀನಿ, ಹುಲಿ ಪಕ್ಕ ಒಂದು ಬೋನು ಕೊಡ್ತಾರೆ" ಎಂದು ರೇಗಿಸಿದರು. ಅತ್ತೆ ನಗಲಿಲ್ಲ. ಪುಣ್ಯಕ್ಕೆ ಅಳಿಲು ಎಲ್ಲೂ ಹೋಗಲಿಲ್ಲ.

ಕಮ್ಮಿ ಬಿದ್ದ ಬತ್ತಿಯನ್ನು ಶಿವರಾತ್ರಿಯೊಳಗೆ ಹೊಸೆದು ಮುಗಿಸುವುದು ಆ ಕೈಗೆ ಆಗದ ಮಾತು. "ಗಾಂಧಿ ಬಜಾರಿಂದ ರೆಡಿ ಬತ್ತಿ ತಂದುಬಿಡ್ತೀನಿ ಅತ್ತೆ, ಯಾರಿಗೆ ಗೊತ್ತಾಗುತ್ತೆ?" ಅಂದೆ. "ಅಂಗಡಿ ಬತ್ತಿಗೇನು ಪಾರ್ಶ್ವವಾಯು ಹೊಡೆದಿತ್ತಾ?" ಅಂದರು. ಶಿವರಾತ್ರಿಯ ದಿನ ಉಪವಾಸವಿದ್ದು, ದೇವರ ಮುಂದೆ ಎಂದಿನ ಒಂದು ದೀಪ ಹಚ್ಚಿ ಕೂತರು. ಗುಡಿಯ ಕಡೆ ಹೋಗಲಿಲ್ಲ. ಸಂಜೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ನೀವುತ್ತಿದ್ದರು. ಹರಕೆ ತಪ್ಪಿತು, ಇನ್ನು ಬಂದಷ್ಟು ಕೈಯೂ ಹೋಗುತ್ತದೆ ಎಂದು ಅವರು ಹೆದರಿದ್ದಾರೆಂದು ನನಗೆ ಆಗ ಗೊತ್ತಾಯಿತು. ಅವತ್ತು ಆ ಅಳಿಲಿನ ಮೇಲೆ ನನಗೆ ಬಂದಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತೆಗೆ ಮಾತ್ರ ಸಿಟ್ಟಿರಲಿಲ್ಲ. ದಿನಾ ಬೋರ್ಡಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಗಂಡು ಅಳಿಲು ಬಂದದ್ದನ್ನು ನಾವು ನೋಡಲಿಲ್ಲ, ಸಾಕುವುದೆಲ್ಲ ತಾಯಿಯೇ. ಕೆಲವು ವಾರಗಳಾದ ಮೇಲೆ ಬೋರ್ಡಿನ ಸಂದಿಯಲ್ಲಿ ಒಂದು ಮೂತಿ ಕಂಡಿತು, ಆಮೇಲೆ ಇನ್ನೆರಡು. ಮೈಗಿಂತ ತಲೆಯೇ ದೊಡ್ಡದು, ಬಾಲಕ್ಕೆ ಇನ್ನೂ ಕೂದಲು ತುಂಬಿರಲಿಲ್ಲ. ಮೊದಲು ಬೋರ್ಡಿನ ಮೇಲೆ ಮಾತ್ರ ಓಡಾಡಿದವು. ಆಮೇಲೆ ವೈರಿನ ಮೇಲೆ ಅರ್ಧ ದೂರ ಹೋಗಿ, ಹೆದರಿ, ಹಿಂದೆ ನಡೆದುಕೊಂಡು ಬರುತ್ತಿದ್ದವು. ಬಿಸಿಲೇರಿದಾಗ ತಾಯಿ ಕಾಂಪೌಂಡಿನ ನೆರಳಿನಲ್ಲಿ ನಾಲ್ಕೂ ಕಾಲು ಚಾಚಿ ಹೊಟ್ಟೆ ಅಡಿಯಾಗಿ ಮಲಗಿಬಿಡುತ್ತಿತ್ತು. ಮೊದಲ ಸಲ ನೋಡಿದಾಗ ಸತ್ತೇಹೋಯಿತು ಎಂದು ನಾನು ಓಡಿದೆ. ತಂಪಿಗೆ ಮಲಗುವುದು ಹಾಗೆ ಎಂದು ಅತ್ತೆ ಹೇಳಿದರು. ಮಧ್ಯೆ ಯುಗಾದಿ ಬಂತು. ಅದು ಕಳೆದು ಸ್ವಲ್ಪ ದಿನಕ್ಕೆ ಮರಿಗಳು ಸೀಬೆ ಮರಕ್ಕೆ ಹೋದವು, ಮತ್ತೆ ಗೂಡಿಗೆ ಬರಲಿಲ್ಲ.

ಮುಖವಿಲ್ಲದ ಹೆಂಗಸಿನ ಬೋರ್ಡು ಅಂತೂ ಇಳಿಯಿತು. ಗೂಡು ದೊಪ್ಪೆಂದು ಅಂಗಳಕ್ಕೆ ಬಿತ್ತು. ನಾನು ಪೊರಕೆ ತಂದೆ, ಅತ್ತೆ ತಡೆದರು. ಇಬ್ಬರೂ ಕೂತು ಬಿಡಿಸಿದೆವು. ನಾರು, ಹುಲ್ಲು, ನನ್ನ ಕುರ್ಚಿಯ ಸ್ಪಂಜು, ಯಾರದೋ ಸೀರೆಯ ಜರಿ ಎಳೆ. ಒಳಗೆ ಬತ್ತಿ, ಬತ್ತಿ, ಬತ್ತಿ. ನನ್ನ ಕೈ ಬಟ್ಟೆ ದಾರ ಮುಟ್ಟಿ ಮುಟ್ಟಿ ಪಳಗಿದ್ದು. ನಾಲ್ಕು ಮುಟ್ಟುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಒಂದಕ್ಕೂ ಹುರಿ ಇಲ್ಲ, ಒಂದಕ್ಕೂ ವಿಭೂತಿ ಇಲ್ಲ. ಎಲ್ಲ ಜೋಲು.

"ಅತ್ತೆ, ಇವೆಲ್ಲ ಮೊದಲನೇ ವರ್ಷದ್ದಲ್ವಾ? ಎಲ್ಲಾ ಚೀಲಕ್ಕೂ ತೂತು ಹಾಕಿತ್ತು, ಇವಷ್ಟೇ ಹೇಗೆ ಸಿಕ್ತು?"

ಅತ್ತೆ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟರು. ಆಮೇಲೆ, "ನಾನೇ ಬೆರೆಸಿದ್ದೆ," ಅಂದರು. "ಒಂದೊಂದು ಚೀಲಕ್ಕೆ ಒಂದೊಂದು ಹಿಡಿ. ಬೇರೆ ಇಟ್ರೆ ಎಲ್ರಿಗೂ ಕಾಣುತ್ತೆ. ಇಂಥದ್ದನ್ನ ದೇವ್ರ ಮುಂದೆ ಹಚ್ತೀನಿ ಅನ್ನೋಕೆ ನಾಚಿಕೆ ಆಗ್ತಿತ್ತು ಕಣೇ. ಬಿಸಾಕಿದ್ರೆ ಲೆಕ್ಕ ತುಂಬಲ್ಲ. ಇಣಚಿ ಬಂದು ಚೀಲ ಕಡಿದ ದಿನಾನೇ ಅಂದ್ಕೊಂಡೆ, ಮೋಸ ಮಾಡಿದ್ದಕ್ಕೆ ದೇವ್ರೇ ಕಳಿಸಿದಾನೆ ಅಂತ."

ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದರಲ್ಲ! ನನಗೆ ನಗುವೂ ಬಂತು, ಸಿಟ್ಟೂ ಬಂತು. "ಅಯ್ಯೋ ನಿಮ್ಮ! ಆ ಅಳಿಲಿಗೆ ಮೆತ್ತಗಿರೋದು ಬೇಕಿತ್ತು, ಅಷ್ಟೇ ಅತ್ತೆ. ನಿಮ್ ಬಿಗಿ ಬತ್ತಿ ಮೇಲೆ ಮರಿ ಮಲಗ್ಸಿದ್ರೆ ಮೈ ಚುಚ್ಚಲ್ವಾ? ಒಂದೊಂದೇ ಎಳೆದು, ನೋಡಿ, ಬಿಟ್ಟಿದ್ದನ್ನ ನಾನೇ ಕಂಡಿದೀನಿ. ಆರಿಸ್ಕೊಂಡು ಹೋಗಿದೆ."

ಅತ್ತೆ ಒಂದು ಜೋಲು ಬತ್ತಿ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದರ ಮೇಲೆ ಮಲಗಿದ್ವಾ ಅವು," ಅಂದರು. ಬಿಸಾಕಲಿಲ್ಲ. ಎಲ್ಲವನ್ನೂ ಸೆರಗಿಗೆ ತುಂಬಿಕೊಂಡು ಹೋಗಿ ಸೀಬೆ ಮರದ ಬುಡಕ್ಕೆ ಹಾಕಿ ಬಂದರು. ಚೀಲಗಳಲ್ಲಿ ಉಳಿದಿದ್ದ ಜೋಲುಗಳನ್ನೂ ಹೆಕ್ಕಿ ಬೇರೆ ಮಾಡಿ, ಕಮ್ಮಿ ಬಿದ್ದಷ್ಟನ್ನು ಮಳೆಗಾಲವೆಲ್ಲ ಕೂತು ಹೊಸೆದರು. ಕಾರ್ತಿಕದ ಕೊನೆಯ ಸೋಮವಾರ ಗುಡಿಯಲ್ಲಿ ಎಲ್ಲವನ್ನೂ ತುಪ್ಪದಲ್ಲಿ ಅದ್ದಿ ಹಚ್ಚಿದೆವು. ಚೆನ್ನಾಗಿ ಉರಿದವು.

ಇದೀಗ ಮತ್ತೆ ಸಂಕ್ರಾಂತಿ ಕಳೆದಿದೆ. ಅಳಿಲು ನಾರು ಕಚ್ಚಿಕೊಂಡು ಹೊಸ ಬೋರ್ಡಿನ ಹಿಂದೆ ಓಡಾಡುತ್ತಿದೆ. ಅದೇ ತಾಯಿಯೋ, ಮರಿಗಳಲ್ಲಿ ಒಂದೋ, ಗೊತ್ತಿಲ್ಲ. ನಿನ್ನೆ ಮಧ್ಯಾಹ್ನ ನೋಡಿದರೆ ಅತ್ತೆ ಹಿಂದಿನ ಪಡಸಾಲೆಯಲ್ಲಿ ಅರಳೆ ಹರಡಿಕೊಂಡು ಕೂತಿದ್ದಾರೆ. ಹರಕೆ ಮುಗಿಯಿತಲ್ಲ, ಮತ್ತೇನು ಎಂದು ಕೇಳಿದೆ. ಇಣಚಿಗೆ ಅಂದರು. ವಿಭೂತಿ ಮುಟ್ಟದೆ, ಬೆರಳು ಸಡಿಲ ಬಿಟ್ಟು ಹೊಸೆಯುತ್ತಿದ್ದರು. ಒಂದು ಹೊಸೆದರು, ನೋಡಿದರು, ಪಕ್ಕಕ್ಕೆ ಎಸೆದರು. ಇನ್ನೊಂದು ಹೊಸೆದರು, ಅದನ್ನೂ ಎಸೆದರು. ಎಸೆದದ್ದನ್ನು ನಾನು ಎತ್ತಿ ನೋಡಿದೆ. ಸಣ್ಣ, ನೇರ, ಬಿಗಿ ಬತ್ತಿ.

ಅತ್ತೆ ರೇಗಿ ಅರಳೆಯನ್ನು ನನ್ನ ಕಡೆ ತಳ್ಳಿದರು. "ತಗೋ, ನೀನೇ ಮೆತ್ತಗೆ ಹೊಸೆದುಕೊಡು ಮಾರಾಯ್ತಿ. ಎಷ್ಟು ಸಡಿಲ ಬಿಟ್ರೂ ಗಟ್ಟಿಯಾಗೇ ಬರ್ತದೆ. ಈ ಕೈಲಿ ಆಗಲ್ಲ ಕಣೇ."